ಪಂಕಜ್ ಅಡ್ವಾಣಿ: ಎರಡು ಆಟಗಳ ವಿಶ್ವ ಚಾಂಪಿಯನ್

ಪಂಕಜ್ ಅರ್ಜನ್ ಅಡ್ವಾಣಿ (ಜನನ: 24 ಜುಲೈ 1985, ಪುಣೆ) ಬೆಂಗಳೂರಿನ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಆಟಗಾರ. 2003ರಿಂದ 2024ರವರೆಗೆ ಈ ಎರಡೂ ಆಟಗಳ ಬೇರೆ ಬೇರೆ ಮಾದರಿಗಳಲ್ಲಿ ಒಟ್ಟು 28 ವಿಶ್ವ ಪ್ರಶಸ್ತಿಗಳನ್ನು ಗೆದ್ದವರು. ಅವುಗಳಲ್ಲಿ 20 ಬಿಲಿಯರ್ಡ್ಸ್‌ನಲ್ಲಿ, 8 ಸ್ನೂಕರ್‌ನಲ್ಲಿ ಬಂದವು. ಏಷ್ಯನ್ ಕ್ರೀಡಾಕೂಟದಲ್ಲಿ 2006 ಮತ್ತು 2010ರಲ್ಲಿ ಬಿಲಿಯರ್ಡ್ಸ್ ಸಿಂಗಲ್ಸ್ ಚಿನ್ನ ತಂದುಕೊಟ್ಟಿದ್ದಾರೆ. ಅರ್ಜುನ, ರಾಜೀವ್ ಗಾಂಧಿ ಖೇಲ್ ರತ್ನ, ಪದ್ಮಶ್ರೀ, ಪದ್ಮಭೂಷಣ ಗೌರವಗಳು ಅವರಿಗೆ ಸಂದಿವೆ.

ಅಂಕಿಸಂಖ್ಯೆಯೇ ದೊಡ್ಡದಾಗಿರುವುದರಿಂದ ಅವರ ಬಗ್ಗೆ ಬರುವ ಸುದ್ದಿಗಳು ಸಾಮಾನ್ಯವಾಗಿ ‘ಇದು ಎಷ್ಟನೆಯ ಪ್ರಶಸ್ತಿ’ ಎಂಬಲ್ಲಿಗೇ ನಿಂತುಬಿಡುತ್ತವೆ. ಆದರೆ ಅಡ್ವಾಣಿಯವರ ನಿಜವಾದ ಸಾಧನೆ ಎಣಿಕೆಯಲ್ಲಿಲ್ಲ. ಒಂದೇ ಮೇಜಿನ ಮೇಲೆ ಆಡುವುದಾದರೂ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಬೇಡುವ ಕೈಚಳಕವೇ ಬೇರೆ, ಮನಸ್ಸೂ ಬೇರೆ. ಎರಡು ದಶಕಗಳ ಕಾಲ ಎರಡನ್ನೂ ವಿಶ್ವಮಟ್ಟದಲ್ಲಿ ಕೈಬಿಡದೆ ಹಿಡಿದುಕೊಂಡದ್ದು ಅವರ ಹೆಚ್ಚುಗಾರಿಕೆ.

ಒಂದೇ ಮೇಜು, ಎರಡು ಆಟ

ಇಂಗ್ಲಿಷ್ ಬಿಲಿಯರ್ಡ್ಸ್ ಹಳೆಯ ಆಟ. ಸುಮಾರು 12 ಅಡಿ ಉದ್ದ, 6 ಅಡಿ ಅಗಲದ ಮೇಜು, ಆರು ಪಾಕೆಟ್, ಚೆಂಡು ಮೂರೇ ಮೂರು. ಒಬ್ಬ ಆಟಗಾರನಿಗೆ ಬಿಳಿ, ಇನ್ನೊಬ್ಬನಿಗೆ ಹಳದಿ, ಇಬ್ಬರಿಗೂ ಸೇರಿದ ಒಂದು ಕೆಂಪು. ತನ್ನ ಚೆಂಡು ಉಳಿದೆರಡಕ್ಕೂ ತಾಗಿದರೆ ಅದು ಕ್ಯಾನನ್, 2 ಅಂಕ. ಕೆಂಪನ್ನು ಪಾಕೆಟ್‌ಗೆ ಹಾಕಿದರೆ 3, ಎದುರಾಳಿಯ ಚೆಂಡನ್ನು ಹಾಕಿದರೆ 2. ಕೆಂಪಿಗೆ ತಾಗಿ ತನ್ನ ಚೆಂಡೇ ಪಾಕೆಟ್‌ಗೆ ಬಿದ್ದರೆ ಅದು ಇನ್-ಆಫ್, ಅದಕ್ಕೂ 3 ಅಂಕ. ಎದುರಾಳಿಯ ಚೆಂಡಿಗೆ ತಾಗಿ ಬಿದ್ದರೆ 2. ಸ್ನೂಕರ್‌ನಲ್ಲಿ ತಪ್ಪೆನಿಸುವ ಹೊಡೆತ ಬಿಲಿಯರ್ಡ್ಸ್‌ನಲ್ಲಿ ಅಂಕ ತರುತ್ತದೆ.

ಸ್ನೂಕರ್ ಹುಟ್ಟಿದ್ದು ಭಾರತದಲ್ಲೇ. ಬ್ರಿಟಿಷ್ ಸೇನಾಧಿಕಾರಿ ನೆವಿಲ್ ಚೇಂಬರ್ಲೇನ್ 1875ರಲ್ಲಿ ಜಬಲ್‌ಪುರದಲ್ಲಿ ಈ ಆಟವನ್ನು ರೂಪಿಸಿದರು. ಊಟಿ ಕ್ಲಬ್‌ನಲ್ಲಿ ಅದರ ನಿಯಮಗಳು ಒಂದು ಕ್ರಮಕ್ಕೆ ಬಂದವು. ಇಲ್ಲಿ 15 ಕೆಂಪು, 6 ಬಣ್ಣದ ಚೆಂಡು, ಹೊಡೆಯಲು ಒಂದು ಬಿಳಿ, ಒಟ್ಟು 22. ಒಂದು ಕೆಂಪು ಹಾಕಿದ ಮೇಲೆ ಒಂದು ಬಣ್ಣ, ಮತ್ತೆ ಕೆಂಪು, ಹೀಗೆ ಮುಂದುವರಿಯುತ್ತದೆ. ದೂರದ ಚೆಂಡನ್ನು ನೇರವಾಗಿ ಹಾಕುವ ಧೈರ್ಯ, ಆಗದಿದ್ದಾಗ ಎದುರಾಳಿಗೆ ಏನೂ ಸಿಗದಂತೆ ಬಿಳಿಯನ್ನು ಬಚ್ಚಿಡುವ ಜಾಣತನ, ಇವೆರಡೂ ಬೇಕು. ಆರೇ ಕೆಂಪು ಚೆಂಡು ಇಟ್ಟು ಆಡುವ ‘ಸಿಕ್ಸ್ ರೆಡ್’ ಅದರ ಚುಟುಕು ರೂಪ.

ಬಿಲಿಯರ್ಡ್ಸ್‌ನಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಸ್ಪರ್ಧೆಗಳು ನಡೆಯುತ್ತವೆ. ಮೊದಲು 150 ಅಂಕ ಮುಟ್ಟಿದವರಿಗೆ ಒಂದು ಫ್ರೇಮ್ ಎಂದು ಎಣಿಸುವುದು ಪಾಯಿಂಟ್ ಮಾದರಿ. ನಿಗದಿತ ಸಮಯದಲ್ಲಿ ಹೆಚ್ಚು ಅಂಕ ಗಳಿಸಿದವರು ಗೆಲ್ಲುವುದು ಟೈಮ್ ಮಾದರಿ. ಕೆಲವು ಕೂಟಗಳಲ್ಲಿ ಇದರ ಜಾಗದಲ್ಲಿ 1,000 ಅಥವಾ 1,500 ಅಂಕಗಳ ದೀರ್ಘ ಪಂದ್ಯವಿರುತ್ತದೆ. ಮೊದಲನೆಯದು ವೇಗದ ಆಟ: ಒಂದೆರಡು ಸಲ ತಪ್ಪಿದರೆ ಫ್ರೇಮ್ ಕೈತಪ್ಪಿತೆಂದೇ ಲೆಕ್ಕ. ಎರಡನೆಯದು ತಾಳ್ಮೆಯ ಪರೀಕ್ಷೆ: ಎದುರಾಳಿ ಒಂದೇ ಸರದಿಯಲ್ಲಿ ಐನೂರು ಅಂಕಗಳ ಸರಣಿ, ಅಂದರೆ ಬ್ರೇಕ್, ಕಟ್ಟುತ್ತಿದ್ದರೆ ಕುರ್ಚಿಯಲ್ಲಿ ಕೂತು ನೋಡುವುದಲ್ಲದೆ ಬೇರೆ ದಾರಿಯಿಲ್ಲ. ಒಂದೇ ವಿಶ್ವಕೂಟದಲ್ಲಿ ಈ ಎರಡನ್ನೂ ಗೆಲ್ಲುವುದನ್ನು ‘ಗ್ರ್ಯಾಂಡ್ ಡಬಲ್’ ಎನ್ನುತ್ತಾರೆ.

ಬಾಲ್ಯ ಮತ್ತು ಕಲಿಕೆ

ಅಡ್ವಾಣಿ ಹುಟ್ಟಿದ್ದು ಪುಣೆಯ ಸಿಂಧಿ ಕುಟುಂಬದಲ್ಲಿ. ಎಳೆಯ ವಯಸ್ಸಿನ ಕೆಲವು ವರ್ಷಗಳು ಕುವೈತ್‌ನಲ್ಲಿ ಕಳೆದವು. ಕೊಲ್ಲಿ ಯುದ್ಧದ ಹೊತ್ತಿಗೆ ಕುಟುಂಬ ಅಲ್ಲಿಂದ ಹೊರಟು ಬೆಂಗಳೂರಿಗೆ ಬಂದು ನೆಲೆಸಿತು. ಪಂಕಜ್‌ಗೆ ಆರು ವರ್ಷವಾಗಿದ್ದಾಗ ತಂದೆ ಅರ್ಜನ್ ತೀರಿಕೊಂಡರು. ಇಬ್ಬರು ಗಂಡುಮಕ್ಕಳನ್ನು ಬೆಳೆಸಿದವರು ತಾಯಿ ಕಾಜಲ್. ಪಂಕಜ್ ಓದಿದ್ದು ಬೆಂಗಳೂರಿನ ಫ್ರಾಂಕ್ ಆಂಥೋನಿ ಪಬ್ಲಿಕ್ ಶಾಲೆಯಲ್ಲಿ. ಮುಂದೆ ಶ್ರೀ ಭಗವಾನ್ ಮಹಾವೀರ್ ಜೈನ್ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದರು.

ಆಟದ ಗೀಳು ಹತ್ತಿಸಿದವರು ಅಣ್ಣ ಶ್ರೀ ಅಡ್ವಾಣಿ. ಅಣ್ಣ ಮತ್ತು ಅವನ ಗೆಳೆಯರು ಸ್ನೂಕರ್ ಪಾರ್ಲರ್‌ನಲ್ಲಿ ಆಡುವುದನ್ನು ನೋಡುತ್ತಾ ನಿಂತ ಹುಡುಗ ಹತ್ತನೆಯ ವಯಸ್ಸಿಗೆ ತಾನೇ ಕ್ಯೂ (ಆಟದ ಕೋಲು) ಹಿಡಿದ. ಹನ್ನೆರಡಕ್ಕೆ ಮೊದಲ ಪ್ರಶಸ್ತಿ ಬಂತು. ಶ್ರೀ ಮುಂದೆ ಕ್ರೀಡಾ ಮನಶ್ಶಾಸ್ತ್ರಜ್ಞರಾದರು. ತಮ್ಮನ ಪಂದ್ಯಗಳಿಗೆ ಮಾನಸಿಕ ತಯಾರಿ ಮಾಡಿಸುವ ಹೊಣೆಯನ್ನೂ ಹೊತ್ತರು. ದೊಡ್ಡ ಗೆಲುವುಗಳ ನಂತರ ಪಂಕಜ್ ಅಣ್ಣನ ಹೆಸರನ್ನು ಮರೆಯದೆ ಹೇಳುತ್ತಾ ಬಂದಿದ್ದಾರೆ.

ತಾಂತ್ರಿಕ ಪಾಠ ಹೇಳಿಕೊಟ್ಟವರು ಅರವಿಂದ್ ಸವೂರ್. ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಆಗಿದ್ದ ಸವೂರ್ ಕರ್ನಾಟಕದ ಈ ಆಟದ ಹಿರಿಯ ತಲೆಮಾರಿಗೆ ಸೇರಿದವರು. ಬೆಂಗಳೂರಿನಲ್ಲಿ ಆ ಹೊತ್ತಿಗಾಗಲೇ ಒಂದು ಗಟ್ಟಿಯಾದ ನೆಲೆ ಇತ್ತು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಸಭಾಂಗಣದಲ್ಲಿ ರಾಜ್ಯ, ರಾಷ್ಟ್ರ ಮಟ್ಟದ ಕೂಟಗಳು ನಡೆಯುತ್ತಿದ್ದವು. 1990ರ ವಿಶ್ವ ಹವ್ಯಾಸಿ ಬಿಲಿಯರ್ಡ್ಸ್ ಕೂಟವೂ ಈ ಊರಿನಲ್ಲೇ ನಡೆದು ಕೋಲ್ಕತ್ತದ ಮನೋಜ್ ಕೊಠಾರಿ ಚಾಂಪಿಯನ್ ಆಗಿದ್ದರು. ಸ್ಪರ್ಧೆಯ ವಾತಾವರಣವನ್ನು ಹುಡುಕಿಕೊಂಡು ಪಂಕಜ್ ಬೇರೆ ಊರಿಗೆ ಹೋಗಬೇಕಾಗಿ ಬರಲಿಲ್ಲ.

ಕಿರಿಯರ ರಾಷ್ಟ್ರೀಯ ಬಿಲಿಯರ್ಡ್ಸ್ ಪ್ರಶಸ್ತಿ 2000ದಲ್ಲಿ ಬಂತು. 2001 ಮತ್ತು 2003ರಲ್ಲಿ ಮತ್ತೆ ಬಂತು. 2003ರಲ್ಲೇ ಅವರು ಹಿರಿಯರ ವಿಭಾಗಕ್ಕೆ ಇಳಿದು, ದೇಶದ ಅತಿ ಕಿರಿಯ ರಾಷ್ಟ್ರೀಯ ಸ್ನೂಕರ್ ಚಾಂಪಿಯನ್ ಎನಿಸಿಕೊಂಡರು.

ಮುಂಚಿನವರು ಹಾಕಿದ ಹಾದಿ

ಅಡ್ವಾಣಿ ಬರಿಗೈಯ ಪರಂಪರೆಯಲ್ಲಿ ಬಂದವರಲ್ಲ. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಕ್ರೀಡೆಯಲ್ಲಿ ಮೊಟ್ಟಮೊದಲ ವಿಶ್ವ ಪ್ರಶಸ್ತಿ ಬಂದದ್ದೇ ಬಿಲಿಯರ್ಡ್ಸ್‌ನಿಂದ. 1958ರಲ್ಲಿ ಕಲ್ಕತ್ತಾದಲ್ಲಿ ನಡೆದ ವಿಶ್ವ ಹವ್ಯಾಸಿ ಕೂಟವನ್ನು ವಿಲ್ಸನ್ ಜೋನ್ಸ್ ಗೆದ್ದರು. 1964ರಲ್ಲಿ ನ್ಯೂಜಿಲೆಂಡ್‌ನಲ್ಲಿ ಮತ್ತೊಮ್ಮೆ ಗೆದ್ದರು. ಜೋನ್ಸ್ ಹುಟ್ಟಿದ್ದೂ ಪುಣೆಯಲ್ಲೇ.

ಅವರ ನಂತರ ಮುಂಬೈನ ಮೈಕೆಲ್ ಫೆರೇರಾ 1977, 1981 ಮತ್ತು 1983ರಲ್ಲಿ ವಿಶ್ವ ಹವ್ಯಾಸಿ ಚಾಂಪಿಯನ್ ಆದರು. 1978ರ ರಾಷ್ಟ್ರೀಯ ಕೂಟದಲ್ಲಿ 1,149 ಅಂಕಗಳ ಬ್ರೇಕ್ ಕಟ್ಟಿ, ಸಾವಿರ ದಾಟಿದ ಮೊದಲ ಹವ್ಯಾಸಿ ಆಟಗಾರ ಎನಿಸಿದರು. ಸ್ನೂಕರ್‌ನಲ್ಲಿ ಓಂ ಅಗರ್‌ವಾಲ್ 1984ರಲ್ಲಿ ಡಬ್ಲಿನ್‌ನಲ್ಲಿ ವಿಶ್ವ ಹವ್ಯಾಸಿ ಪ್ರಶಸ್ತಿ ಗೆದ್ದರು. ಅಹಮದಾಬಾದಿನ ಗೀತ್ ಸೇಠಿ ಹವ್ಯಾಸಿ ವಿಭಾಗದಲ್ಲಿ ಮೂರು, ವೃತ್ತಿಪರ ವಿಭಾಗದಲ್ಲಿ ಐದು ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿಗಳನ್ನು ಪಡೆದರು. 1992ರಲ್ಲಿ ಅವರು ಗಳಿಸಿದ 1,276 ಅಂಕಗಳ ಬ್ರೇಕ್ ಬಹುಕಾಲ ದಾಖಲೆಯಾಗಿ ಉಳಿಯಿತು.

ಈ ಪಟ್ಟಿಯಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಜೋನ್ಸ್, ಫೆರೇರಾ, ಸೇಠಿ ಮೂವರೂ ವಿಶ್ವಮಟ್ಟದಲ್ಲಿ ಗೆದ್ದದ್ದು ಬಿಲಿಯರ್ಡ್ಸ್‌ನಲ್ಲಿ. ಅಗರ್‌ವಾಲ್ ಗೆದ್ದದ್ದು ಸ್ನೂಕರ್‌ನಲ್ಲಿ. ಎರಡೂ ಆಟಗಳ ವಿಶ್ವ ಪಟ್ಟ ಒಬ್ಬನೇ ಭಾರತೀಯನಿಗೆ ಸಿಕ್ಕಿರಲಿಲ್ಲ.

2003: ಜಿಯಾಂಗ್‌ಮೆನ್

2003ರ ಅಕ್ಟೋಬರ್‌ನಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಅಂತರರಾಷ್ಟ್ರೀಯ ಬಿಲಿಯರ್ಡ್ಸ್ ಮತ್ತು ಸ್ನೂಕರ್ ಒಕ್ಕೂಟದ ವಿಶ್ವ ಸ್ನೂಕರ್ ಕೂಟ ನಡೆಯಿತು. ಹದಿನೆಂಟರ ಅಡ್ವಾಣಿಗೆ ಅದು ಆ ಕೂಟದ ಮೊದಲ ಅನುಭವ. ಫೈನಲ್‌ನಲ್ಲಿ ಪಾಕಿಸ್ತಾನದ ಸಾಲೇಹ್ ಮೊಹಮ್ಮದ್ ಅವರನ್ನು 11–5 ಫ್ರೇಮ್‌ಗಳಿಂದ ಸೋಲಿಸಿ ಚಾಂಪಿಯನ್ ಆದರು. ಓಂ ಅಗರ್‌ವಾಲ್ ಗೆದ್ದು ಹತ್ತೊಂಬತ್ತು ವರ್ಷಗಳಾದ ಮೇಲೆ ಆ ಪ್ರಶಸ್ತಿ ಮತ್ತೆ ಭಾರತಕ್ಕೆ ಬಂತು. ಮರುವರ್ಷ ಅರ್ಜುನ ಪ್ರಶಸ್ತಿ ಸಂದಿತು.

ಹದಿನೆಂಟಕ್ಕೇ ವಿಶ್ವ ಸ್ನೂಕರ್ ಚಾಂಪಿಯನ್ ಆದವರು ಸಾಮಾನ್ಯವಾಗಿ ಹಿಡಿಯುವುದು ಬ್ರಿಟನ್ನಿನ ವೃತ್ತಿಪರ ಸ್ನೂಕರ್‌ನ ದಾರಿಯನ್ನು. ಹಣ, ಟಿ.ವಿ. ಪ್ರಸಾರ, ಹೆಸರು ಎಲ್ಲವೂ ಇರುವುದು ಅಲ್ಲಿ. ಅಡ್ವಾಣಿ ಹಾಗೆ ಮಾಡಲಿಲ್ಲ. ಬಿಲಿಯರ್ಡ್ಸ್ ಕಡೆಗೆ ತಿರುಗಿದರು.

ಗ್ರ್ಯಾಂಡ್ ಡಬಲ್‌ಗಳ ಕಾಲ

2005ರಲ್ಲಿ ಮಾಲ್ಟಾದ ಕಾವ್ರಾದಲ್ಲಿ ನಡೆದ ವಿಶ್ವ ಬಿಲಿಯರ್ಡ್ಸ್ ಕೂಟದಲ್ಲಿ ಅಡ್ವಾಣಿ ಪಾಯಿಂಟ್ ಮತ್ತು ಟೈಮ್ ಎರಡೂ ಮಾದರಿಗಳನ್ನು ಗೆದ್ದರು. ಗ್ರ್ಯಾಂಡ್ ಡಬಲ್ ಸಾಧಿಸಿದ ಮೊದಲ ಆಟಗಾರ ಅವರೇ. ಆಗ ಅವರಿಗೆ ಇಪ್ಪತ್ತು ತುಂಬಿತ್ತಷ್ಟೆ. ಆ ಸಾಲಿನ ಖೇಲ್ ರತ್ನ ಅವರ ಪಾಲಾಯಿತು. 2007ರಲ್ಲಿ ಸಿಂಗಪುರದಲ್ಲಿ ಟೈಮ್ ಮಾದರಿಯ ಪ್ರಶಸ್ತಿ ಬಂತು.

2008ರಲ್ಲಿ ವಿಶ್ವ ಕೂಟ ಬೆಂಗಳೂರಿಗೇ ಬಂತು. ಆಡಿ ಬೆಳೆದ ಊರಿನಲ್ಲಿ, ಪರಿಚಿತರ ಮುಂದೆ ಆಡುವಾಗ ನಿರೀಕ್ಷೆಯ ಭಾರ ಕಡಿಮೆಯೇನಿರುವುದಿಲ್ಲ. ಅಲ್ಲೂ ಅವರು ಎರಡೂ ಪ್ರಶಸ್ತಿಗಳನ್ನು ಗೆದ್ದು, ಗ್ರ್ಯಾಂಡ್ ಡಬಲ್ ಅನ್ನು ಎರಡನೆಯ ಸಲ ಸಾಧಿಸಿದರು.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ವೃತ್ತಿಪರ ಬಿಲಿಯರ್ಡ್ಸ್ ಎಂದರೆ ಆ ಕಾಲದಲ್ಲಿ ಇಂಗ್ಲೆಂಡಿನ ಮೈಕ್ ರಸೆಲ್ ಎಂಬಂತಿತ್ತು. 2009ರಲ್ಲಿ ಲೀಡ್ಸ್‌ನಲ್ಲಿ ನಡೆದ ವೃತ್ತಿಪರ ವಿಶ್ವ ಬಿಲಿಯರ್ಡ್ಸ್ ಕೂಟದ ಫೈನಲ್‌ನಲ್ಲಿ ಅಡ್ವಾಣಿಗೆ ಎದುರಾದವರು ಅವರೇ. ಅಡ್ವಾಣಿ 2,030–1,253ರಿಂದ ಗೆದ್ದರು. ಈ ಪಟ್ಟವನ್ನು ಪಡೆದ ಎರಡನೆಯ ಭಾರತೀಯ ಅವರು. ಮೊದಲನೆಯವರು ಗೀತ್ ಸೇಠಿ. 2012ರಲ್ಲಿ ಅದೇ ಲೀಡ್ಸ್, ಫೈನಲ್‌ನಲ್ಲಿ ಅದೇ ರಸೆಲ್. ಈ ಸಲ 1,895–1,216.

ಏಷ್ಯನ್ ಕ್ರೀಡಾಕೂಟ

ಕ್ಯೂ ಆಟಗಳು ಏಷ್ಯನ್ ಕ್ರೀಡಾಕೂಟಕ್ಕೆ ಸೇರಿದ್ದು 1998ರಲ್ಲಿ, ಬ್ಯಾಂಕಾಕ್‌ನಲ್ಲಿ. ಆ ವರ್ಷ ಬಿಲಿಯರ್ಡ್ಸ್ ಸಿಂಗಲ್ಸ್ ಚಿನ್ನ ಗೆದ್ದವರು ಭಾರತದ ಅಶೋಕ್ ಶಾಂಡಿಲ್ಯ. 2006ರ ದೋಹಾ ಕೂಟದ ಫೈನಲ್‌ನಲ್ಲಿ ಅಡ್ವಾಣಿ ಅದೇ ಶಾಂಡಿಲ್ಯರನ್ನು ಸೋಲಿಸಿದರು. 2010ರಲ್ಲಿ ಗುವಾಂಗ್‌ಝೌನಲ್ಲಿ ಅವರ ಮೇಲೆ ಇನ್ನಷ್ಟು ಕಣ್ಣುಗಳು ನೆಟ್ಟಿದ್ದವು, ಏಕೆಂದರೆ ಆ ಕೂಟದಲ್ಲಿ ಭಾರತದ ಚಿನ್ನದ ಖಾತೆ ಇನ್ನೂ ತೆರೆದಿರಲಿಲ್ಲ. ಮ್ಯಾನ್ಮಾರ್‌ನ ನೇ ಥ್ವೇ ಊ ವಿರುದ್ಧದ ಫೈನಲ್ ಕೊನೆಯ ಫ್ರೇಮ್‌ವರೆಗೂ ಹೋಯಿತು. 3–2ರಿಂದ ಗೆದ್ದ ಅಡ್ವಾಣಿ ಆ ಕೂಟದಲ್ಲಿ ದೇಶಕ್ಕೆ ಮೊದಲ ಚಿನ್ನ ತಂದರು.

ಅದರ ನಂತರ ಕ್ಯೂ ಆಟಗಳನ್ನೇ ಕೂಟದಿಂದ ಕೈಬಿಡಲಾಯಿತು. 2014ರ ಇಂಚಿಯಾನ್, 2018ರ ಜಕಾರ್ತ, 2023ರಲ್ಲಿ ನಡೆದ ಹಾಂಗ್‌ಝೌ ಕೂಟಗಳಲ್ಲಿ ಬಿಲಿಯರ್ಡ್ಸ್ ಇರಲಿಲ್ಲ. ಒಲಿಂಪಿಕ್ಸ್‌ನಲ್ಲಂತೂ ಈ ಆಟಕ್ಕೆ ಎಂದೂ ಸ್ಥಾನ ಸಿಕ್ಕಿಲ್ಲ. ಅಡ್ವಾಣಿ ತಮ್ಮ ಆಟದ ಉತ್ತುಂಗದಲ್ಲಿದ್ದ ವರ್ಷಗಳಲ್ಲಿ, ಪದಕಪಟ್ಟಿಯಲ್ಲಿ ದೇಶದ ಹೆಸರು ಕಾಣುವ ವೇದಿಕೆ ಅವರಿಗೆ ಇಲ್ಲವಾಯಿತು. ಅವರ ಗೆಲುವುಗಳು ಪತ್ರಿಕೆಗಳ ಕ್ರೀಡಾಪುಟದ ಮೂಲೆಗೆ ಸರಿದದ್ದಕ್ಕೆ ಇದೂ ಒಂದು ಕಾರಣ.

ವೃತ್ತಿಪರ ಸ್ನೂಕರ್‌ನ ಎರಡು ಋತು

2012ರಲ್ಲಿ ಅಡ್ವಾಣಿಗೆ ವಿಶ್ವ ವೃತ್ತಿಪರ ಸ್ನೂಕರ್ ಸರಣಿಯಲ್ಲಿ ಆಡಲು ಅವಕಾಶ ಸಿಕ್ಕಿತು. 2012–13 ಮತ್ತು 2013–14ರ ಎರಡು ಋತುಗಳನ್ನು ಅವರು ಅಲ್ಲಿ ಆಡಿದರು. ಜಗತ್ತಿನ ಶ್ರೇಷ್ಠರೆಲ್ಲ ವಾರವಾರವೂ ಎದುರಾಗುವ ಸರಣಿ ಅದು. 2013ರ ವೆಲ್ಷ್ ಓಪನ್‌ನಲ್ಲಿ ಅವರು ಕ್ವಾರ್ಟರ್‌ಫೈನಲ್ ತಲುಪಿದರು. ಶ್ರೇಯಾಂಕದ ಕೂಟವೊಂದರಲ್ಲಿ ಅಷ್ಟು ದೂರ ಸಾಗಿದ ಮೊದಲ ಭಾರತೀಯ ಅವರು.

ಆದರೆ ಆ ಸರಣಿಯಲ್ಲಿ ಉಳಿಯಬೇಕಾದರೆ ವರ್ಷದ ಬಹುಪಾಲು ಬ್ರಿಟನ್ನಿನಲ್ಲೇ ಇರಬೇಕು, ಬಿಲಿಯರ್ಡ್ಸ್‌ಗೆ ಸಮಯ ಉಳಿಯುವುದಿಲ್ಲ. 2014ರಲ್ಲಿ ಅವರು ಸರಣಿ ಬಿಟ್ಟು ಬೆಂಗಳೂರಿಗೆ ಮರಳಿದರು. ಶೆಫೀಲ್ಡ್‌ನ ಕ್ರೂಸಿಬಲ್‌ನಲ್ಲಿ ನಡೆಯುವ ವೃತ್ತಿಪರ ವಿಶ್ವ ಸ್ನೂಕರ್ ಪ್ರಶಸ್ತಿ ಅವರ ಪಟ್ಟಿಯಲ್ಲಿಲ್ಲ. ಅವರ ಸ್ನೂಕರ್ ಪ್ರಶಸ್ತಿಗಳೆಲ್ಲ ಅಂತರರಾಷ್ಟ್ರೀಯ ಒಕ್ಕೂಟದ ಕೂಟಗಳವು. ಅವರ ಸಾಧನೆಯನ್ನು ತೂಗುವವರು ಈ ವ್ಯತ್ಯಾಸವನ್ನು ಮರೆಯಬಾರದು. ಹಾಗೆಯೇ, ಆ ಒಂದು ಗುರಿಗಾಗಿ ಇನ್ನೊಂದು ಆಟವನ್ನು ಬಲಿಕೊಡದಿರುವ ತೀರ್ಮಾನದಿಂದಲೇ ಮುಂದಿನ ದಶಕದ ಗೆಲುವುಗಳು ಸಾಧ್ಯವಾದವು ಎಂಬುದನ್ನೂ ನೆನಪಿಡಬೇಕು.

2014 ಮತ್ತು 2015

ಮರಳಿ ಬಂದ ವರ್ಷವೇ ನಾಲ್ಕು ವಿಶ್ವ ಪ್ರಶಸ್ತಿಗಳು ಬಂದವು. ಜೂನ್‌ನಲ್ಲಿ ಈಜಿಪ್ಟ್‌ನ ಶರ್ಮ್ ಅಲ್-ಶೇಖ್‌ನಲ್ಲಿ ಸಿಕ್ಸ್ ರೆಡ್ ಸ್ನೂಕರ್. ಆಗಸ್ಟ್‌ನಲ್ಲಿ ಗ್ಲಾಸ್ಗೋದಲ್ಲಿ ಭಾರತ ತಂಡದೊಂದಿಗೆ ಬಿಲಿಯರ್ಡ್ಸ್ ತಂಡ ಪ್ರಶಸ್ತಿ. ಅಕ್ಟೋಬರ್‌ನಲ್ಲಿ ಲೀಡ್ಸ್‌ನಲ್ಲಿ ಬಿಲಿಯರ್ಡ್ಸ್‌ನ ಎರಡೂ ಮಾದರಿಗಳು. ಲೀಡ್ಸ್‌ನ ಪಾಯಿಂಟ್ ಫೈನಲ್‌ನಲ್ಲಿ ಸಿಂಗಪುರದ ಪೀಟರ್ ಗಿಲ್‌ಕ್ರಿಸ್ಟ್ ಅವರನ್ನು 6–2ರಿಂದ, ಟೈಮ್ ಫೈನಲ್‌ನಲ್ಲಿ ಇಂಗ್ಲೆಂಡಿನ ರಾಬರ್ಟ್ ಹಾಲ್ ಅವರನ್ನು 1,928–893ರಿಂದ ಸೋಲಿಸಿದರು. ಇದು ಮೂರನೆಯ ಗ್ರ್ಯಾಂಡ್ ಡಬಲ್.

2015 ಇನ್ನೂ ವೈವಿಧ್ಯದ ವರ್ಷ. ಆಗಸ್ಟ್‌ನಲ್ಲಿ ಕರಾಚಿಯಲ್ಲಿ ನಡೆದ ಸಿಕ್ಸ್ ರೆಡ್ ಕೂಟದ ಫೈನಲ್‌ನಲ್ಲಿ ಚೀನಾದ ಬಾಲಪ್ರತಿಭೆ ಯಾನ್ ಬಿಂಗ್‌ಟಾವೊ ಅವರನ್ನು ಸೋಲಿಸಿದರು. ಅಡಿಲೇಡ್‌ನಲ್ಲಿ ಬಿಲಿಯರ್ಡ್ಸ್ ಟೈಮ್ ಮಾದರಿಯ ಪಟ್ಟ ಗೆದ್ದರು. ನವೆಂಬರ್‌ನಲ್ಲಿ ಈಜಿಪ್ಟ್‌ನ ಹುರ್ಗಡಾದಲ್ಲಿ ನಡೆದ 15 ಕೆಂಪಿನ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಚೀನಾದ ಹದಿನೆಂಟರ ಹುಡುಗ ಝಾವೊ ಶಿನ್‌ಟಾಂಗ್ ಎದುರು 8–6ರ ಜಿದ್ದಾಜಿದ್ದಿ ಗೆಲುವು ಪಡೆದರು. ಜಿಯಾಂಗ್‌ಮೆನ್‌ನ ನಂತರ ಹನ್ನೆರಡು ವರ್ಷಕ್ಕೆ 15 ಕೆಂಪಿನ ಸ್ನೂಕರ್ ಪಟ್ಟ ಮರಳಿತು. ಅಂದು ಸೋತ ಝಾವೊ 2025ರಲ್ಲಿ ಕ್ರೂಸಿಬಲ್‌ನಲ್ಲಿ ಗೆದ್ದು, ಚೀನಾದ ಮೊದಲ ವೃತ್ತಿಪರ ವಿಶ್ವ ಚಾಂಪಿಯನ್ ಆದರು. ಹುರ್ಗಡಾದ ಗೆಲುವು ಎಂಥ ಎದುರಾಳಿಯ ಮೇಲೆ ಬಂದದ್ದೆಂದು ಇದರಿಂದ ಅಳೆಯಬಹುದು.

ಒಂದು ಬ್ರೇಕ್ ಬೆಳೆಯುವ ಬಗೆ

ಬಿಲಿಯರ್ಡ್ಸ್ ನೋಡಿ ಅಭ್ಯಾಸವಿಲ್ಲದವರಿಗೆ ದೊಡ್ಡ ಬ್ರೇಕ್ ಒಂದೇ ಹೊಡೆತದ ಪುನರಾವರ್ತನೆಯಂತೆ ಕಾಣಬಹುದು. ಹತ್ತಿರದಿಂದ ನೋಡಿದರೆ ಅಲ್ಲಿ ನಡೆಯುವುದೇ ಬೇರೆ. ಮೇಜಿನ ಮೇಲ್ತುದಿಯಲ್ಲಿ ಕೆಂಪು ತನ್ನ ಚುಕ್ಕೆಯ ಮೇಲಿದೆ ಎಂದುಕೊಳ್ಳಿ. ಎದುರಾಳಿಯ ಚೆಂಡು ಅದರ ಹಿಂದೆ, ಕುಷನ್‌ಗೆ ಹತ್ತಿರದಲ್ಲಿದೆ. ಆಟಗಾರ ಕೆಂಪನ್ನು ಮೂಲೆಯ ಪಾಕೆಟ್‌ಗೆ ಹಾಕುತ್ತಾನೆ (ಇದೇ ಪಾಟ್), 3 ಅಂಕ. ಕೆಂಪು ಮತ್ತೆ ಚುಕ್ಕೆಗೆ ಬರುತ್ತದೆ. ಆದರೆ ಬೇರೆ ಅಂಕ ಸೇರದೆ ಚುಕ್ಕೆಯಿಂದ ಎರಡು ಸಲ ಸತತವಾಗಿ ಕೆಂಪು ಹಾಕಿದರೆ ಅದನ್ನು ಮೇಜಿನ ನಡುವಿನ ಚುಕ್ಕೆಗೆ ಒಯ್ದಿಡುತ್ತಾರೆ. ಕಟ್ಟಿದ ಜೋಡಣೆ ಕೆಟ್ಟುಹೋಗುತ್ತದೆ. ಆದ್ದರಿಂದ ನಡುವೆ ಒಂದು ಕ್ಯಾನನ್ ಬೇಕು. ಆ ಕ್ಯಾನನ್‌ನಲ್ಲಿ ಮೂರೂ ಚೆಂಡುಗಳು ಮುಂದಿನ ಪಾಟ್‌ಗೆ ಅನುಕೂಲವಾಗುವಂತೆ ನಿಲ್ಲಬೇಕು. ತನ್ನ ಚೆಂಡು ಕೆಲವೇ ಅಂಗುಲ ಸರಿಯುತ್ತದೆ; ಎದುರಾಳಿಯ ಚೆಂಡು ಒಂದು ಕೂದಲೆಳೆ ಹೆಚ್ಚು ಉರುಳಿದರೂ ಮುಂದಿನ ಹೊಡೆತ ಕಷ್ಟವಾಗುತ್ತದೆ. ಪಾಟ್, ಕ್ಯಾನನ್, ಪಾಟ್, ಕ್ಯಾನನ್. ಹೀಗೆ ಇಪ್ಪತ್ತು ಹೊಡೆತಗಳಾದರೆ ಐವತ್ತು ಅಂಕ.

ಆಟಗಾರ ಒಂದೇ ಮೂಲೆಯಲ್ಲಿ ಕೂತುಬಿಡದಿರಲಿ ಎಂದು ನಿಯಮಗಳೂ ಕಾವಲಿವೆ. ಪಾಟ್ ಮತ್ತು ಇನ್-ಆಫ್‌ಗಳನ್ನು ಸತತವಾಗಿ 15ಕ್ಕಿಂತ ಹೆಚ್ಚು ಸಲ ಮಾಡುವಂತಿಲ್ಲ, ಕ್ಯಾನನ್‌ಗಳು 75 ದಾಟುವಂತಿಲ್ಲ. ದೀರ್ಘ ಪಂದ್ಯದಲ್ಲಿ ಪ್ರತಿ ನೂರು ಅಂಕಕ್ಕೊಮ್ಮೆ ತನ್ನ ಚೆಂಡು ಮೇಜಿನ ಇನ್ನೊಂದು ತುದಿಯ ಬಾಲ್ಕ್ ಗೆರೆಯನ್ನು ದಾಟಿ ಬರಬೇಕು. ಎಚ್ಚರಿಕೆಯಿಂದ ಹತ್ತಿರ ಇಟ್ಟುಕೊಂಡ ಚೆಂಡುಗಳನ್ನು ಬಿಟ್ಟು ದೂರ ಹೋಗಿ, ಮತ್ತೆ ಅದೇ ಜಾಗಕ್ಕೆ ಮರಳುವುದು ಬ್ರೇಕ್‌ನ ಅತ್ಯಂತ ಅಪಾಯದ ಗಳಿಗೆ. ಈ ನಿಯಮದ ಹಿಂದೆ ಆಸ್ಟ್ರೇಲಿಯಾದ ವಾಲ್ಟರ್ ಲಿಂಡ್ರಮ್ ಇದ್ದಾರೆ. 1932ರಲ್ಲಿ ಲಂಡನ್ನಿನಲ್ಲಿ ಅವರು ಒಂದೇ ಬ್ರೇಕ್‌ನಲ್ಲಿ 4,137 ಅಂಕ ಗಳಿಸಿದ ಕಾಲದಲ್ಲಿ, ಆಟಕ್ಕೆ ಕಡಿವಾಣ ಬೇಕೆಂದು ಬಾಲ್ಕ್ ಗೆರೆಯ ನಿಯಮ ತಂದರು.

ಸ್ನೂಕರ್‌ಗೆ ಬಂದರೆ ಕೈಯ ಲೆಕ್ಕವೇ ಬದಲಾಗುತ್ತದೆ. ಬಿಲಿಯರ್ಡ್ಸ್‌ನಲ್ಲಿ ಚೆಂಡನ್ನು ಮೆಲ್ಲಗೆ ತಳ್ಳಿ, ಎರಡನೆಯ ಮೂರನೆಯ ಚೆಂಡು ಎಲ್ಲಿ ನಿಲ್ಲುತ್ತವೆ ಎಂಬುದರ ಮೇಲೆ ಕಣ್ಣಿಡಬೇಕು. ಸ್ನೂಕರ್‌ನಲ್ಲಿ ಹತ್ತು ಅಡಿ ದೂರದ ಚೆಂಡನ್ನು ಬಿಗಿಯಾದ ಹೊಡೆತದಿಂದ ಹಾಕಿ, ಬಿಳಿಯನ್ನು ಗುಂಪಿನ ನಡುವಿನಿಂದ ಪಾರು ಮಾಡಬೇಕು. ಒಂದು ಆಟಕ್ಕೆ ಒಗ್ಗಿದ ಕೈ ಇನ್ನೊಂದರಲ್ಲಿ ಎಡವುವುದು ಸಹಜ. ಅದಕ್ಕೇ ಬಹುಪಾಲು ಆಟಗಾರರು ಒಂದನ್ನು ಆರಿಸಿಕೊಳ್ಳುತ್ತಾರೆ. ಅಡ್ವಾಣಿ ಮಾತ್ರ ಒಂದು ಕೂಟ ಮುಗಿದು ಇನ್ನೊಂದು ಶುರುವಾಗುವ ಕೆಲವೇ ದಿನಗಳಲ್ಲಿ ಕೈ ಬದಲಿಸಿಕೊಂಡು ಆಡಿದ ಉದಾಹರಣೆಗಳಿವೆ. 2017ರ ನವೆಂಬರ್‌ನಲ್ಲಿ ದೋಹಾದಲ್ಲಿ ಪಾಯಿಂಟ್ ಬಿಲಿಯರ್ಡ್ಸ್ ಫೈನಲ್‌ನಲ್ಲಿ ಮೈಕ್ ರಸೆಲ್ ಅವರನ್ನು 6–2ರಿಂದ ಸೋಲಿಸಿದರು. ಅದೇ ತಿಂಗಳು, ಅದೇ ಊರಿನಲ್ಲಿ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಇರಾನಿನ ಅಮೀರ್ ಸರ್ಖೋಶ್ ಅವರನ್ನು 8–2ರಿಂದ ಮಣಿಸಿದರು.

ಸತತ ಏಳು

2016ರಿಂದ ಪಾಯಿಂಟ್ ಬಿಲಿಯರ್ಡ್ಸ್‌ನಲ್ಲಿ ಅಡ್ವಾಣಿಯವರದು ಏಕಸ್ವಾಮ್ಯ. 2016ರಲ್ಲಿ ಬೆಂಗಳೂರು, 2017ರಲ್ಲಿ ದೋಹಾ, 2018ರಲ್ಲಿ ಯಾಂಗೊನ್, 2019ರಲ್ಲಿ ಮಂಡಲೆ. ಕೋವಿಡ್‌ನಿಂದಾಗಿ ನಿಂತಿದ್ದ ಕೂಟ ಮತ್ತೆ ಶುರುವಾದಾಗ 2022ರಲ್ಲಿ ಕ್ವಾಲಾಲಂಪುರ, 2023 ಮತ್ತು 2024ರಲ್ಲಿ ದೋಹಾ. ನಡೆದ ಏಳೂ ಕೂಟಗಳನ್ನು ಅವರು ಸತತವಾಗಿ ಗೆದ್ದರು. ಯಾಂಗೊನ್ ಮತ್ತು ಮಂಡಲೆಯ ಫೈನಲ್‌ಗಳಲ್ಲಿ ನೇ ಥ್ವೇ ಊ ತಮ್ಮ ದೇಶದ ಪ್ರೇಕ್ಷಕರ ಮುಂದೆಯೇ ಅಡ್ವಾಣಿಗೆ ಸೋತರು. ಎರಡೂ ಸಲ 6–2. 2024ರ ಫೈನಲ್‌ನಲ್ಲಿ ರಾಬರ್ಟ್ ಹಾಲ್ ವಿರುದ್ಧ 4–2ರಿಂದ ಬಂದದ್ದು 28ನೇ ವಿಶ್ವ ಪ್ರಶಸ್ತಿ.

2018ರಲ್ಲಿ ಯಾಂಗೊನ್‌ನ ದೀರ್ಘ ಮಾದರಿಯ ಫೈನಲ್ ಕರ್ನಾಟಕದ ಮಟ್ಟಿಗೆ ನೆನಪಿಡುವಂಥದು. ಅಲ್ಲಿ ಅಡ್ವಾಣಿಗೆ ಎದುರಾದವರು ಬೆಂಗಳೂರಿನವರೇ ಆದ ಬಿ. ಭಾಸ್ಕರ್. ಆ ಗೆಲುವಿನೊಂದಿಗೆ ನಾಲ್ಕನೆಯ ಗ್ರ್ಯಾಂಡ್ ಡಬಲ್ ಪೂರ್ಣವಾಯಿತು. ಐದನೆಯದು 2023ರಲ್ಲಿ ದೋಹಾದಲ್ಲಿ. ದೀರ್ಘ ಮಾದರಿಯ ಫೈನಲ್‌ನಲ್ಲಿ ಭಾರತದವರೇ ಆದ ಸೌರವ್ ಕೊಠಾರಿ ವಿರುದ್ಧ 1,000–416ರ ಗೆಲುವು.

ತಂಡದ ಆಟದಲ್ಲೂ ಅವರ ಪಾಲಿದೆ. 2018ರಲ್ಲಿ ದೋಹಾದಲ್ಲಿ ಮನನ್ ಚಂದ್ರ ಜೊತೆಗೂಡಿ ವಿಶ್ವ ತಂಡ ಸ್ನೂಕರ್ ಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ವಿರುದ್ಧ 0–2ರ ಹಿನ್ನಡೆಯಿಂದ ಚೇತರಿಸಿಕೊಂಡು 3–2ರಿಂದ ಗೆದ್ದರು. 2019ರಲ್ಲಿ ಆದಿತ್ಯ ಮೆಹ್ತಾ ಜೊತೆಗೆ ಮಂಡಲೆಯಲ್ಲಿ ಮತ್ತೊಂದು ತಂಡ ಪ್ರಶಸ್ತಿ ಬಂತು. 2021ರ ಸೆಪ್ಟೆಂಬರ್‌ನಲ್ಲಿ ದೋಹಾದಲ್ಲಿ ಸಿಕ್ಸ್ ರೆಡ್ ವಿಶ್ವಕಪ್ ಫೈನಲ್‌ನಲ್ಲಿ ಪಾಕಿಸ್ತಾನದ ಬಾಬರ್ ಮಸೀಹ್ ಅವರನ್ನು 7–5ರಿಂದ ಸೋಲಿಸಿದರು.

ಎದುರಾಳಿಗಳು

ಚಾಂಪಿಯನ್‌ನ ಅಳತೆ ಎದುರಾಳಿಗಳಿಂದ ತಿಳಿಯುತ್ತದೆ. ಮೈಕ್ ರಸೆಲ್ ಹತ್ತಕ್ಕೂ ಹೆಚ್ಚು ಸಲ ವಿಶ್ವ ಪಟ್ಟ ಏರಿದವರು. ಇಂಗ್ಲೆಂಡಿನಲ್ಲಿ ಹುಟ್ಟಿ ಸಿಂಗಪುರದಲ್ಲಿ ನೆಲೆಸಿದ ಪೀಟರ್ ಗಿಲ್‌ಕ್ರಿಸ್ಟ್ 2014ರಲ್ಲಿ ನ್ಯೂಜಿಲೆಂಡ್‌ನಲ್ಲಿ 1,346 ಅಂಕಗಳ ಬ್ರೇಕ್ ಕಟ್ಟಿ, ಗೀತ್ ಸೇಠಿಯವರ ದಾಖಲೆಯನ್ನು ಮುರಿದವರು. ಭಾರತದೊಳಗೆ ಅಡ್ವಾಣಿಯವರ ದೊಡ್ಡ ಪ್ರತಿಸ್ಪರ್ಧಿ ಸೌರವ್ ಕೊಠಾರಿ. 1990ರಲ್ಲಿ ಬೆಂಗಳೂರಿನಲ್ಲಿ ವಿಶ್ವ ಚಾಂಪಿಯನ್ ಆದ ಮನೋಜ್ ಕೊಠಾರಿಯವರ ಮಗ ಇವರು. 2025ರ ಏಪ್ರಿಲ್‌ನಲ್ಲಿ ಐರ್ಲೆಂಡ್‌ನಲ್ಲಿ ನಡೆದ ವಿಶ್ವ ಬಿಲಿಯರ್ಡ್ಸ್ ಟೈಮ್ ಮಾದರಿಯ ಫೈನಲ್‌ನಲ್ಲಿ ಸೌರವ್ 725–480ರಿಂದ ಅಡ್ವಾಣಿಯವರನ್ನು ಸೋಲಿಸಿದರು.

ಇದರ ಜೊತೆಗೆ ಒಂದು ಮಿತಿಯನ್ನೂ ಹೇಳಬೇಕು. ಇಂಗ್ಲಿಷ್ ಬಿಲಿಯರ್ಡ್ಸ್ ಅನ್ನು ಗಂಭೀರವಾಗಿ ಆಡುವ ದೇಶಗಳು ಹೆಚ್ಚಿಲ್ಲ: ಭಾರತ, ಇಂಗ್ಲೆಂಡ್, ಮ್ಯಾನ್ಮಾರ್, ಸಿಂಗಪುರ, ಆಸ್ಟ್ರೇಲಿಯಾದಂಥ ಕೆಲವು. ವರ್ಷಕ್ಕೆ ಎರಡು ಮಾದರಿಗಳ ವಿಶ್ವ ಪ್ರಶಸ್ತಿ ಇರುವುದರಿಂದ ಗೆಲ್ಲುವ ಅವಕಾಶವೂ ಹೆಚ್ಚು. ಹಾಗಾಗಿ 28 ಎಂಬ ಸಂಖ್ಯೆಯನ್ನು ಟೆನಿಸ್ ಅಥವಾ ಬ್ಯಾಡ್ಮಿಂಟನ್ ಪ್ರಶಸ್ತಿಗಳ ಪಕ್ಕದಲ್ಲಿಟ್ಟು ಹೋಲಿಸುವುದು ಸರಿಯಲ್ಲ. ಅದನ್ನು ಇದೇ ಆಟದ ಬೇರೆ ಆಟಗಾರರ ಪಕ್ಕದಲ್ಲಿಟ್ಟು ನೋಡಬೇಕು. ಅಲ್ಲಿ ಅವಕಾಶ ಎಲ್ಲರಿಗೂ ಒಂದೇ ಇತ್ತು, ಗೆದ್ದದ್ದು ಇವರು.

ಗೌರವಗಳು ಮತ್ತು ಬೆಂಗಳೂರು

ಅಡ್ವಾಣಿ ಸಾರ್ವಜನಿಕ ವಲಯದ ತೈಲ ಸಂಸ್ಥೆ ಒಎನ್‌ಜಿಸಿಯ ಉದ್ಯೋಗಿ. ಪ್ರಾಯೋಜಕರು ವಿರಳವಾದ ಈ ಆಟದಲ್ಲಿ ದೇಶದ ಅನೇಕ ಆಟಗಾರರಿಗೆ ಇಂಥ ಉದ್ಯೋಗಗಳೇ ಬೆನ್ನೆಲುಬು. ಕರ್ನಾಟಕ ಸರ್ಕಾರ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ, ಏಕಲವ್ಯ ಪ್ರಶಸ್ತಿಗಳನ್ನು ನೀಡಿದೆ. 2009ರಲ್ಲಿ ಪದ್ಮಶ್ರೀ ಬಂತು. 2018ರಲ್ಲಿ ಪದ್ಮಭೂಷಣ ಪಡೆದ ಕ್ರೀಡಾಪಟುಗಳು ಇಬ್ಬರೇ: ಮಹೇಂದ್ರ ಸಿಂಗ್ ಧೋನಿ ಮತ್ತು ಅಡ್ವಾಣಿ.

ಅವರ ಕಾಲದಲ್ಲಿ ಬೆಂಗಳೂರು ಮಹಿಳಾ ಆಟಗಾರರನ್ನೂ ವಿಶ್ವಮಟ್ಟಕ್ಕೆ ಕಳಿಸಿತು. ಚಿತ್ರಾ ಮಗಿಮೈರಾಜ್ 2006 ಮತ್ತು 2007ರಲ್ಲಿ ಮಹಿಳಾ ವಿಶ್ವ ಬಿಲಿಯರ್ಡ್ಸ್ ಪ್ರಶಸ್ತಿ ಪಡೆದರು. ಉಮಾದೇವಿ ನಾಗರಾಜ್ 2012ರಲ್ಲಿ ಲೀಡ್ಸ್‌ನಲ್ಲಿ ಅದೇ ಪಟ್ಟ ಗೆದ್ದರು. ಆ ವರ್ಷ ಲೀಡ್ಸ್‌ನಿಂದ ಪುರುಷರ ಮತ್ತು ಮಹಿಳೆಯರ ಎರಡೂ ವಿಶ್ವ ಬಿಲಿಯರ್ಡ್ಸ್ ಪಟ್ಟಗಳು ಬಂದದ್ದು ಒಂದೇ ಊರಿಗೆ.

ಸಾಧನೆಯ ಸ್ಥಾನ

2019ರಲ್ಲಿ ಏಷ್ಯನ್ ಸ್ನೂಕರ್ ಪ್ರಶಸ್ತಿ ಗೆದ್ದಾಗ ಅಡ್ವಾಣಿಯವರ ಪಟ್ಟಿಯಲ್ಲಿ ಖಾಲಿ ಉಳಿದಿದ್ದ ಒಂದು ಮುಖ್ಯ ಜಾಗ ತುಂಬಿತು: ಬಿಲಿಯರ್ಡ್ಸ್, 15 ಕೆಂಪಿನ ಸ್ನೂಕರ್, ಸಿಕ್ಸ್ ರೆಡ್, ಈ ಎಲ್ಲದರಲ್ಲೂ ಏಷ್ಯಾ ಮತ್ತು ವಿಶ್ವ ಪ್ರಶಸ್ತಿಗಳು ಅವರವಾದವು. 2025ರ ಫೆಬ್ರುವರಿಯಲ್ಲಿ ಇಂದೋರ್‌ನಲ್ಲಿ ರಾಷ್ಟ್ರೀಯ ಸ್ನೂಕರ್ ಪ್ರಶಸ್ತಿ ಗೆದ್ದರು. ಅದು ಅವರ 36ನೇ ರಾಷ್ಟ್ರೀಯ ಪ್ರಶಸ್ತಿ. ಅದೇ ತಿಂಗಳು ದೋಹಾದಲ್ಲಿ ಸರ್ಖೋಶ್ ಅವರನ್ನು ಸೋಲಿಸಿ ಮತ್ತೊಮ್ಮೆ ಏಷ್ಯನ್ ಸ್ನೂಕರ್ ಚಾಂಪಿಯನ್ ಆದರು.

ಒಂದೇ ಆಟದಲ್ಲಿ ಅವರಿಗೆ ಸಮನಾದವರನ್ನು ಅಥವಾ ಅವರಿಗಿಂತ ಹೆಚ್ಚಿನವರನ್ನು ಹೆಸರಿಸಬಹುದು. ಬ್ರೇಕ್ ಕಟ್ಟುವುದರಲ್ಲಿ ಲಿಂಡ್ರಮ್, ವೃತ್ತಿಪರ ಬಿಲಿಯರ್ಡ್ಸ್ ಪಟ್ಟಗಳಲ್ಲಿ ರಸೆಲ್, ಸ್ನೂಕರ್‌ನಲ್ಲಿ ಕ್ರೂಸಿಬಲ್‌ನ ವಿಜೇತರು ಆ ಸಾಲಿನಲ್ಲಿ ನಿಲ್ಲುತ್ತಾರೆ. ಆದರೆ ಮೂರು ಚೆಂಡಿನ ಆಟವನ್ನೂ ಇಪ್ಪತ್ತೆರಡು ಚೆಂಡಿನ ಆಟವನ್ನೂ, ಚುಟುಕಿನಲ್ಲೂ ದೀರ್ಘದಲ್ಲೂ, ಒಂಟಿಯಾಗಿಯೂ ತಂಡವಾಗಿಯೂ ಆಡಿ, ಒಕ್ಕೂಟದ ವಿಶ್ವಕೂಟಗಳಲ್ಲಿ ಇಷ್ಟು ಬಗೆಯ ಪಟ್ಟಗಳನ್ನು ಗೆದ್ದ ಇನ್ನೊಬ್ಬ ಆಟಗಾರ ಈ ಕ್ರೀಡೆಯ ಇತಿಹಾಸದಲ್ಲಿಲ್ಲ.